ಮೂರು ಕೈ ಸೋಪು

ಅವಳ ಕೈಗೆ ಹೋಲಿಕೆ ಹತ್ತುತ್ತಿರಲಿಲ್ಲ.

ಉಳಿದದ್ದೆಲ್ಲ ಹತ್ತುತ್ತಿತ್ತು. ಶಿಲ್ಪ ವಿಭಾಗಕ್ಕೆ ಸೇರಿದ ಮೊದಲ ತಿಂಗಳಲ್ಲೇ ಮಣ್ಣನ್ನು ಹದವಾಗಿ ತುಳಿಯುವುದನ್ನು ಕಲಿತಳು. ಹಲಗೆಯ ಮೇಲೆ ಕಬ್ಬಿಣದ ಸರಳು ನಿಲ್ಲಿಸಿ, ತಂತಿ ಸುತ್ತಿ, ಹದಿನೈದು ಕಿಲೋ ಮಣ್ಣು ಹೊತ್ತರೂ ಕತ್ತು ವಾಲದಂಥ ಪಂಜರ ಕಟ್ಟುವುದನ್ನು ಕಲಿತಳು. ಪ್ಲಾಸ್ಟರನ್ನು ಒಂದು ಗಂಟೂ ಇಲ್ಲದೆ ಕಲಸುತ್ತಿದ್ದಳು. ಆದರೆ ಎದುರಿಗೆ ಕೂತ ಮನುಷ್ಯನ ಮುಖ ಮಣ್ಣಿನಲ್ಲಿ ಬಾ ಅಂದರೆ ಬರುತ್ತಿರಲಿಲ್ಲ. ಮುಖವೇನೋ ಬರುತ್ತಿತ್ತು. ಬೇರೆ ಯಾರದೋ ಬರುತ್ತಿತ್ತು.

ಮೊದಲ ವರ್ಷ ಕಾಲೇಜಿನ ಕಾವಲುಗಾರನನ್ನು ಮಾಡೆಲ್ ಆಗಿ ಕೂರಿಸಿದ್ದರು. ಮೂರು ವಾರ ಸ್ಟೂಲಿನ ಮೇಲೆ ಕಲ್ಲಿನಂತೆ ಕೂತ ಆತ ಕೊನೆಯ ದಿನ ಎದ್ದು, ಸೊಂಟ ಹಿಡಿದುಕೊಂಡು ಒಬ್ಬೊಬ್ಬರ ಕೆಲಸವನ್ನೂ ನೋಡುತ್ತ ಬಂದ. ಅವಳ ಹತ್ತಿರ ನಿಂತು ತಲೆಯಾಡಿಸಿದ. "ಚೆನ್ನಾಗಿದೆಯಮ್ಮ. ನಿಮ್ಮ ತಾತನಾ?"

ತರಗತಿ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕಿತು.

ಮೇಷ್ಟ್ರು ನಗುತ್ತಿರಲಿಲ್ಲ. ಪ್ರತಿ ಶುಕ್ರವಾರ ಕೈ ಹಿಂದೆ ಕಟ್ಟಿಕೊಂಡು ಸ್ಟುಡಿಯೋ ಸುತ್ತುವಾಗ ಅವಳ ಸ್ಟ್ಯಾಂಡಿನ ಮುಂದೆ ನಿಂತು ಒಂದೇ ಮಾತು ಕೇಳುತ್ತಿದ್ದರು: "ಯಾರಿದು?" ಅದರಲ್ಲಿ ಕುಹಕ ಇದ್ದಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಇರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಅವಳ ಮಾನ ಉಳಿಸಿದ್ದು ಅಚ್ಚು. ಮಣ್ಣಿನ ತಲೆ ಹಾಗೇ ಬಿಟ್ಟರೆ ಒಣಗಿ ಬಿರುಕು ಬಿಡುತ್ತದೆ. ಅದಕ್ಕೇ ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆಯಬೇಕು. ಅಚ್ಚು ಎರಡು ಹೋಳು: ಮುಖದ್ದೊಂದು, ಹಿಂದಲೆಯದ್ದೊಂದು. ಹೋಳು ಬಿಡಿಸಿ, ಒಳಗಿನ ಮಣ್ಣನ್ನು ಬಗೆದು ತೆಗೆದು, ತೊಳೆದು, ಒಳಮೈಗೆ ಸೋಪಿನ ನೀರು ಬಳಿದು, ಮತ್ತೆ ಎರಡನ್ನೂ ಕಟ್ಟಿ, ಒಳಗೆ ಹೊಸ ಪ್ಲಾಸ್ಟರ್ ಹೊಯ್ಯಬೇಕು. ಅದು ಗಟ್ಟಿಯಾದ ಮೇಲೆ ಹೊರಗಿನ ಅಚ್ಚನ್ನು ಉಳಿಯಿಂದ ಒಡೆದರೆ ಒಳಗಿನ ತಲೆ ಹೊರಬರುತ್ತದೆ. ಆ ಹೊತ್ತಿಗೆ ಮಣ್ಣೂ ಇಲ್ಲ, ಅಚ್ಚೂ ಇಲ್ಲ. ಇರುವುದು ಆ ಒಂದೇ. ಹೀಗಾಗಿ ಅಚ್ಚು ಅಂದರೆ ಎಲ್ಲರಿಗೂ ಕೈ ನಡುಕ. ಅವಳಿಗೆ ಇರಲಿಲ್ಲ. ಮೇಲಿನ ತರಗತಿಯವರೂ ತಮ್ಮ ಕೆಲಸ ತಂದು ಅವಳ ಮುಂದೆ ಇಟ್ಟು ಹಲ್ಲು ಗಿಂಜುತ್ತಿದ್ದರು. ಅಚ್ಚಮ್ಮ ಅಂತ ಹೆಸರು ಬಿತ್ತು. ಕೊನೆಗೆ ಹಾಜರಿ ಕರೆಯುವ ಗುಮಾಸ್ತನೂ ಹಾಗೇ ಕರೆದ.

ಕೆಳಗಿನ ತರಗತಿಯವರಿಗೆ ಅವಳು ಹೇಳಿಕೊಡುತ್ತಿದ್ದ ಪಾಠ ಚಿಕ್ಕದು. "ಮೊದಲು ಹಿಂದೆ, ಆಮೇಲೆ ಮುಖ. ಮೂರು ಕೈ ಸೋಪು. ಸೋಪು ತಪ್ಪಿದ್ರೆ ಪ್ಲಾಸ್ಟರ್‌ಗೆ ಪ್ಲಾಸ್ಟರ್ ಕಚ್ಕೊಳ್ಳುತ್ತೆ. ಆಮೇಲೆ ದೇವರು ಬಂದ್ರೂ ಬಿಡಿಸಕ್ಕಾಗಲ್ಲ." ಕೆಲವರು ಮರೆಯದಿರಲಿ ಅಂತ ಒಂದೊಂದು ಕೈ ಬಳಿದಾಗಲೂ ಅಚ್ಚಿನ ಹೊರಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಅವಳು ಅಂಥವರನ್ನು ಆಡಿಕೊಳ್ಳುತ್ತಿದ್ದಳು. "ಗೆರೆ ಎಳ್ಕೊಂಡು ಕೂರೋಕೆ ಇದೇನು ಒಂದನೇ ಕ್ಲಾಸಾ? ಕೈಗೆ ಗೊತ್ತಾಗಬೇಕು."

ಕೊನೆಯ ವರ್ಷದ ಪರೀಕ್ಷೆಗೆ ಒಂದು ತಲೆ ಮಾಡಬೇಕಿತ್ತು. ನಿಜವಾದ ತಲೆಯಷ್ಟೇ ಗಾತ್ರ, ಪ್ಲಾಸ್ಟರ್. ಆ ಕಾಲೇಜಿನಲ್ಲಿ ಒಂದು ಪದ್ಧತಿ. ಪರೀಕ್ಷೆಯ ದಿನ ಯಾರ ತಲೆಯೋ ಅವರೇ ಬಂದು ತಲೆಯ ಪಕ್ಕದಲ್ಲಿ ನಿಲ್ಲಬೇಕು. ಹೊರಗಿನಿಂದ ಬಂದ ಪರೀಕ್ಷಕರು ಇಬ್ಬರನ್ನೂ ನೋಡುತ್ತಾರೆ. ಹೋಲಿಕೆ ಇಲ್ಲ ಅಂದರೆ ಇನ್ನೊಂದು ವರ್ಷ.

"ಈ ಸಲವೂ ನಾನು ಯಾರಿದು ಅಂತ ಕೇಳೋ ಹಾಗಾದ್ರೆ," ಮೇಷ್ಟ್ರು ಅವಳನ್ನು ಕರೆದು ಹೇಳಿದರು, "ಅಚ್ಚಿನ ಕಾರ್ಖಾನೆ ಸೇರಿಬಿಡಮ್ಮ. ತಮಾಷೆಗೆ ಹೇಳ್ತಿಲ್ಲ. ಮರ್ಯಾದೆ ಕೆಲಸ ಅದು. ಶಿಲ್ಪಿ ಅನ್ನಿಸ್ಕೊಳ್ಳೋ ಹಠ ಮಾತ್ರ ಬಿಡಬೇಕಾಗುತ್ತೆ."

ಅವಳು ಅಪ್ಪನನ್ನು ಕೇಳಿದಳು.

ಅಪ್ಪ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷ ಒಂದೇ ಮಾರ್ಗ. ಮಂಗಳವಾರ ರಜೆ. ಮಗಳು ಮಣ್ಣಿನ ಓದಿಗೆ ಸೇರಿದಾಗ ಆತ ಮೂರು ತಿಂಗಳು ಮಾತು ಬಿಟ್ಟಿದ್ದ. ಆಮೇಲೆ ತಾನಾಗಿಯೇ ಮಾತು ಶುರು ಮಾಡಿದ್ದ, ಅದೂ ತಮಾಷೆಯಿಂದಲೇ. ಕೇಳಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಯೋಚಿಸಿದ.

"ನನ್ನದು ಮುಖ ಅಲ್ಲ ಮರಿ, ಬೆನ್ನು. ಇಷ್ಟು ವರ್ಷ ಜನ ನೋಡಿರೋದು ಅದನ್ನೇ. ಮುಖ ನೋಡಿದವರು ಎದುರಿಗೆ ಬಂದ ಲಾರಿಯವರು ಮಾತ್ರ. ಅವರೂ ನೋಡಿ ಬೈದಿದಾರೆ."

"ಮನೇಲಿರೋ ಒಂದು ಮೂತಿ ಸಾಲದು ಅಂತ ಇನ್ನೊಂದು ಬೇರೆ," ಅಮ್ಮ ಒಳಗಿನಿಂದಲೇ ಅಂದಳು. "ನನ್ನನ್ನ ಅಲ್ಲಿಗೆಲ್ಲ ಕರೀಬೇಡ. ಆದಮೇಲೆ ಮನೆಗೆ ತಗೊಂಡು ಬಾ, ನೋಡ್ತೀನಿ."

ಮೊದಲ ಮಂಗಳವಾರವೇ ಹಿಂದಲೆ ಮುಗಿದುಹೋಯಿತು. ಅವಳೇ ಬೆರಗಾದಳು. ಶಾಲೆಗೆ ಹೋದ ಹತ್ತು ವರ್ಷವೂ ಅವಳು ಅಪ್ಪನ ಬಸ್ಸಿನಲ್ಲೇ, ಅಪ್ಪನ ಹಿಂದಿನ ಸೀಟಿನಲ್ಲೇ ಕೂತು ಹೋಗಿದ್ದಳು. ಕತ್ತಿನ ಎರಡು ಮಡಿಕೆ, ಬಲಕ್ಕೆ ತಿರುಗುವ ಸುಳಿ, ಕೂದಲು ಮುಗಿಯುವಲ್ಲಿ ಎಡಗಡೆಗೆ ಇದ್ದ ಹಳೆಯ ಗಾಯದ ಗುಳಿ ಎಲ್ಲ ಬೆರಳಲ್ಲೇ ಇದ್ದವು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವಳು ಆ ಕಡೆ ನೋಡಲೂ ಇಲ್ಲ.

ಮುಖದ ಹತ್ತಿರ ಬಂದಾಗ ಕೈ ಮತ್ತೆ ಕೈಕೊಟ್ಟಿತು. ಎರಡನೇ ಮಂಗಳವಾರ ಮಣ್ಣಿನಲ್ಲಿ ಒಬ್ಬ ಗಂಡಸು ಬಂದ, ಐದನೇ ಮಂಗಳವಾರ ಇನ್ನೊಬ್ಬ. ಇಬ್ಬರೂ ಅಪರಿಚಿತರು.

"ಇವತ್ತು ಯಾರಾಗಿದೀನಿ?" ಅಪ್ಪ ಕೂತಲ್ಲಿಂದಲೇ ಕೇಳುತ್ತಿದ್ದ.

"ಮಾತಾಡಬೇಡ ಅಪ್ಪ, ಗದ್ದ ಅಲ್ಲಾಡುತ್ತೆ."

"ಬಸ್ಸಲ್ಲೂ ಇದೇ ಬೋರ್ಡು. ಚಾಲಕರ ಜೊತೆ ಮಾತಾಡಬೇಡಿ ಅಂತ. ಅಲ್ಲಿಂದ ತಪ್ಪಿಸ್ಕೊಂಡು ಬಂದ್ರೆ ಇಲ್ಲೂ ಅದೇ ಹಣೆಬರಹ."

ಪಕ್ಕದ ಸ್ಟ್ಯಾಂಡಿನ ಕಡ್ಡಿ ಕಿಸಕ್ಕೆಂದು ನಗುತ್ತಿದ್ದ. ಕಡ್ಡಿ ಅವಳ ತರಗತಿಯವನು, ಉದ್ದಕ್ಕೆ ಒಣಗಿಕೊಂಡಿದ್ದ, ಅವಳಿಗೆ ಇದ್ದ ಒಬ್ಬನೇ ಗೆಳೆಯ. ಅವನು ತನ್ನ ಅಜ್ಜಿಯನ್ನು ಮಾಡುತ್ತಿದ್ದ. ಅಜ್ಜಿ ಒಂದೇ ವಾರದಲ್ಲಿ ಬಂದುಬಿಟ್ಟಿದ್ದಳು. ಅವನ ಕೈಗೆ ಹೋಲಿಕೆ ನೊಣದಂತೆ ತಾನಾಗಿ ಬಂದು ಕೂರುತ್ತಿತ್ತು. ಅಚ್ಚು ಮಾತ್ರ ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಹೋದ ವರ್ಷ ಅವನ ಒಂದು ತಲೆ ಮೂಗಿಲ್ಲದೆ ಹೊರಬಂದಿತ್ತು.

ಹನ್ನೆರಡನೇ ಮಂಗಳವಾರ ಅಪ್ಪನಿಗೆ ಕೂತಲ್ಲೇ ಜೊಂಪು ಹತ್ತಿತು. ಮುಖದ ಬಿಗಿ ಸಡಿಲಾಯಿತು. ಅವಳು ಸುಮ್ಮನೆ ಒಂದು ಕಾರ್ಡು ತೆಗೆದು ದೂರದಿಂದ ಅಪ್ಪನ ಮುಖದ ಅರ್ಧಕ್ಕೆ ಅಡ್ಡ ಹಿಡಿದಳು. ಆಮೇಲೆ ಇನ್ನೊಂದು ಅರ್ಧಕ್ಕೆ. ಎರಡು ಅರ್ಧಗಳೂ ಬೇರೆ ಬೇರೆ ಮನುಷ್ಯರವು. ಬಲಗಡೆ ಡ್ರೈವರನ ಕಿಟಕಿ. ಇಪ್ಪತ್ತೆಂಟು ವರ್ಷದ ಬಿಸಿಲು ಆ ಕಡೆಯಿಂದ ಬಿದ್ದಿತ್ತು. ಬಲಗೆನ್ನೆ ಹಳೆಯ ಬ್ಯಾಗಿನ ಚರ್ಮದಂತೆ ಸುಕ್ಕಾಗಿತ್ತು, ಬಲಗಣ್ಣು ಕನ್ನಡಿ ನೋಡಿ ನೋಡಿ ಕಿರಿದಾಗಿತ್ತು, ಬಾಯಿಯ ಬಲತುದಿ ಯಾರಿಗೋ ಬೈಯಲು ಹೊರಟಂತೆ ಒಂದು ಕೂದಲೆಳೆ ಮೇಲಿತ್ತು. ಎಡಗಡೆಯವನು ಹತ್ತು ವರ್ಷ ಚಿಕ್ಕವನು, ಮೆತ್ತಗಿನವನು. ಇಷ್ಟು ದಿನ ಅವಳು ಇಬ್ಬರನ್ನೂ ಸರಾಸರಿ ಮಾಡಿ ಮೂರನೆಯವನನ್ನು ಮಾಡುತ್ತಿದ್ದಳು.

ಅವತ್ತಿನಿಂದ ಅಪ್ಪ ಬರತೊಡಗಿದ. ಒಮ್ಮೆಲೇ ಅಲ್ಲ. ಒಂದು ವಾರ ರೆಪ್ಪೆ, ಒಂದು ವಾರ ಬಲಗೆನ್ನೆಯ ಮೂರು ಗೆರೆ. ಹತ್ತೊಂಬತ್ತನೇ ಮಂಗಳವಾರ ಅವಳು ಮಣ್ಣು ತಿದ್ದುವ ಹತಾರ ಕೆಳಗಿಟ್ಟಾಗ ಅಪ್ಪ ಎದ್ದು ಬಂದು ಮಣ್ಣಿನ ಎದುರು ನಿಂತ. ಬಹಳ ಹೊತ್ತು ತಮಾಷೆ ಮಾಡಲಿಲ್ಲ.

"ನಾನು ಇಷ್ಟು ಸುಸ್ತಾಗಿದೀನಾ?" ಎಂದ ಕೊನೆಗೆ.

ಶುಕ್ರವಾರ ಮೇಷ್ಟ್ರು ಬಂದರು. ಒಂದು ಸುತ್ತು ಸುತ್ತಿದರು, ಮತ್ತೊಂದು ಸುತ್ತಿದರು. ಅವಳು ಆ ಒಂದು ಮಾತಿಗಾಗಿ ಕಾದಳು. ಅವರು ಕೇಳಲಿಲ್ಲ. "ಇನ್ನು ಮುಟ್ಟಬೇಡ," ಅಂದರು. ಬಾಗಿಲ ಹತ್ತಿರ ಹೋಗಿ ತಿರುಗಿ, "ನಿಮ್ಮಪ್ಪನಿಗೆ ಪರೀಕ್ಷೆ ದಿನ ರಜೆ ಹಾಕೋಕೆ ಹೇಳು," ಅಂದರು.

ಸೋಮವಾರ ಬೆಳಿಗ್ಗೆ ಅಚ್ಚಿಗೆ ಕೂತಳು. ಇಷ್ಟು ಜನರಿಗೆ ಮಾಡಿಕೊಟ್ಟವಳು, ತನ್ನದಕ್ಕೆ ಅರ್ಧ ಗಂಟೆ ಕೈಯೇ ಹಾಕಲಿಲ್ಲ. ಆಮೇಲೆ ಶುರುವಾದರೆ ಕೈ ತನ್ನ ದಾರಿ ಹಿಡಿಯಿತು. ಅಚ್ಚು ಎರಡು ಹೋಳಾಗಲೆಂದು ಕಿವಿಗಳ ಹಿಂದಿನಿಂದ ನೆತ್ತಿಯ ಮೇಲೆ ಹಾಯುವಂತೆ ತೆಳು ತಗಡಿನ ಚೂರುಗಳನ್ನು ಬೇಲಿಯಂತೆ ಚುಚ್ಚಿದಳು. ಮೊದಲ ಪದರದ ಪ್ಲಾಸ್ಟರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದಳು. ಮುಂದೆ ಅಚ್ಚು ಒಡೆಯುವಾಗ ನೀಲಿ ಕಂಡಿತೆಂದರೆ ಎಚ್ಚರ, ಅದರ ಕೆಳಗೇ ತಲೆ ಇದೆ ಎಂದು ಗುರುತು. ಅದರ ಮೇಲೆ ಬಿಳಿಯ ದಪ್ಪ ಪದರ. ಗಟ್ಟಿಯಾದ ಮೇಲೆ ಹೋಳು ಬಿಡಿಸಿ, ಅಪ್ಪನ ಮಣ್ಣನ್ನು ಮುಷ್ಟಿ ಮುಷ್ಟಿ ಬಗೆದು ತೊಟ್ಟಿಗೆ ಎಸೆದಳು. ಹತ್ತೊಂಬತ್ತು ವಾರದ ಕೆಲಸ ಹೊರತೆಗೆಯಲು ಹತ್ತು ನಿಮಿಷ ಹಿಡಿಯಿತು. ಎರಡೂ ಹೋಳು ತೊಳೆದಳು.

ಮೊದಲು ಹಿಂದೆ. ಒಂದು ಕೈ ಸೋಪು, ಎರಡನೇ ಕೈ, ಮೂರನೇ ಕೈ. ಬ್ರಷ್ಷು ಸೋಪಿನ ಡಬ್ಬಿಗೆ ಅದ್ದಿ ಮುಖದ ಹೋಳನ್ನು ಮಡಿಲಿಗೆ ಎಳೆದುಕೊಂಡಾಗ ಫೋನು ಬಂತು. ಅಮ್ಮ.

"ನಿಮ್ಮಪ್ಪ ಡಿಪೋದಲ್ಲಿ ಬಿದ್ದುಬಿಟ್ರಂತೆ. ಬಸ್ಸಿಂದ ಇಳಿಯೋವಾಗ. ಮಾತಾಡ್ತಿಲ್ಲವಂತೆ ಕಣೇ, ಬೇಗ ಬಾ."

ಬ್ರಷ್ಷು ಡಬ್ಬಿಯಲ್ಲೇ ಬಿಟ್ಟು, ಪ್ಲಾಸ್ಟರ್ ಮೆತ್ತಿದ ಏಪ್ರನ್ನಿನಲ್ಲೇ ಓಡಿದಳು.

ಅಪ್ಪ ಸಾಯಲಿಲ್ಲ. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಮಾತೆಲ್ಲ ಹೋಗಿ "ಹಾಂ" ಅನ್ನುವುದೊಂದು ಉಳಿಯಿತು. ನೀರು ಬೇಕಾದರೂ ಹಾಂ, ಬೇಡವಾದರೂ ಹಾಂ. ಐದನೇ ದಿನ ಅವಳು ಮೊದಲ ಸಲ ಧೈರ್ಯ ಮಾಡಿ ಮುಖ ಸರಿಯಾಗಿ ನೋಡಿದಳು. ಬಲಗೆನ್ನೆ ಜೋತುಬಿದ್ದಿತ್ತು. ಹಿಡಿದಿಡುವ ಬಿಗಿಯೇ ಹೋಗಿದ್ದರಿಂದ ಮೂರು ಗೆರೆಗಳೂ ಇಸ್ತ್ರಿ ಮಾಡಿದಂತೆ ಅಳಿಸಿಹೋಗಿದ್ದವು. ಬೈಯಲು ಹೊರಟಂತಿದ್ದ ಬಾಯಿಯ ತುದಿ ಕೆಳಗೆ ಜಾರಿತ್ತು. ಬಿಸಿಲು ಇಪ್ಪತ್ತೆಂಟು ವರ್ಷ ಕೂತು ಬರೆದದ್ದನ್ನು ಲಕ್ವ ಒಂದು ಬೆಳಿಗ್ಗೆ ಒರೆಸಿಹಾಕಿತ್ತು.

ಅಮ್ಮ ಅವಳನ್ನು ಆಸ್ಪತ್ರೆಯ ವರಾಂಡಕ್ಕೆ ಎಳೆದುಕೊಂಡು ಹೋದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಅದು ಆಯ್ತಾ? ನಿನ್ನ ಮಣ್ಣಿಂದು."

"ಮಣ್ಣು ತೆಗೆದಾಯ್ತಮ್ಮ. ಅಚ್ಚಲ್ಲಿದೆ. ಪ್ಲಾಸ್ಟರ್ ಹುಯ್ಯಬೇಕು."

"ಹುಯ್ಯಿ. ಹುಯ್ದು ಮನೆಗೆ ತಗೊಂಡು ಬಾ. ನಂಗೆ ಈ ಮುಖ ನೋಡೋಕಾಗ್ತಿಲ್ಲ. ನಿನ್ನೆ ರಾತ್ರಿಯಿಂದ ಹಳೇದು ನೆನಪು ಮಾಡ್ಕೊಳ್ತೀನಿ, ಅದೂ ಸರಿಯಾಗಿ ಬರ್ತಿಲ್ಲ. ಇಷ್ಟು ವರ್ಷ ಜೊತೆಗಿದ್ದು ನೆನಪಾಗ್ತಿಲ್ಲ ಅಂದ್ರೆ ನಾನೇನು ನೋಡಿದೆ ಹೇಳು."

ಒಂಬತ್ತು ದಿನದ ಮೇಲೆ, ಬುಧವಾರ, ಅವಳು ಸ್ಟುಡಿಯೋಗೆ ಮರಳಿದಳು. ಪರೀಕ್ಷೆ ಮುಂದಿನ ಸೋಮವಾರ. ಮಾಡೆಲ್ ಬರಲು ಆಗದಿದ್ದರೆ ಫೋಟೋ ಇಟ್ಟರೆ ಸಾಕು ಎಂದು ಮೇಷ್ಟ್ರು ಹೇಳಿಕಳಿಸಿದ್ದರು.

ಕಡ್ಡಿ ಅವಳನ್ನು ನೋಡಿ ಎದ್ದು ನಿಂತ. ಅಚ್ಚಿನ ಕಡೆ ಕೈ ತೋರಿಸಿದ. "ಮುಖ ಒಣಗಬಾರದು ಅಂತ ದಿನಾ ನೀರು ಹಾಕಿದೀನಿ ಕಣೇ. ಯಾರನ್ನೂ ಹತ್ತಿರ ಬಿಟ್ಟಿಲ್ಲ. ಮಗೂನ ನೋಡ್ಕೊಂಡ ಹಾಗೆ ನೋಡ್ಕೊಂಡಿದೀನಿ."

"ಥ್ಯಾಂಕ್ಸ್ ಕಣೋ."

ಅವಳು ಹಿಂದಲೆಯ ಹೋಳನ್ನು ಎತ್ತಿಕೊಂಡಳು. ಒಣಗಿತ್ತು. ಒಳಗೆ ಬೆರಳಾಡಿಸಿದಳು, ಸೋಪಿನ ಜಾರಿಕೆ ಇತ್ತು. ನೀರಲ್ಲಿ ಅದ್ದಿದಳು. ಆಮೇಲೆ ಮುಖ.

ಅಚ್ಚಿನೊಳಗಿನ ಮುಖಕ್ಕೆ ಒಂದು ಗುಣವಿದೆ. ಅದು ಒಳಕ್ಕೆ ಗುಳಿಬಿದ್ದ ಮುಖ. ಆದರೂ ಕಣ್ಣಿಗೆ ಉಬ್ಬಿದಂತೆಯೇ ಕಾಣುತ್ತದೆ, ನಾವು ಸರಿದ ಕಡೆಗೆಲ್ಲ ತಾನೂ ತಿರುಗುತ್ತದೆ. ಇಷ್ಟು ವರ್ಷ ಅವಳಿಗೆ ಅದೊಂದು ಆಟ. ಹೊಸಬರನ್ನು ಕರೆದು ತೋರಿಸಿ ಹೆದರಿಸುತ್ತಿದ್ದಳು. ಇವತ್ತು ನೀಲಿ ಬಣ್ಣದ ಅಪ್ಪ, ಗೆರೆಗಳೆಲ್ಲ ಇದ್ದ ಅಪ್ಪ, ಕಿರಿದಾದ ಬಲಗಣ್ಣಿನ ಅಪ್ಪ ಅವಳನ್ನು ಹಿಂಬಾಲಿಸಿ ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಓರೆಗಣ್ಣಿಗೆ ಒಳಮೈ ಮಿರಿಮಿರಿ ಮಿಂಚುವುದು ಕಂಡಿತು. ಹಿಂದಲೆಯದೂ ಹಾಗೇ ಮಿಂಚುತ್ತಿತ್ತು. ಬ್ರಷ್ಷು ಸೋಪಿನ ಡಬ್ಬಿಯಲ್ಲೇ ಗಟ್ಟಿಯಾಗಿ ಅಂಟಿ ನಿಂತಿತ್ತು. ಆದ ಕೆಲಸದ ಗುರುತಿನಂತೆ ಅದು ಅವಳಿಗೆ ಕಂಡಿತು. ಬೆರಳಾಡಿಸಲಿಲ್ಲ. ಆ ಕಣ್ಣಿನ ಗುಳಿಯಲ್ಲಿ ಬೆರಳಿಡುವುದು ಅವತ್ತು ಅವಳ ಕೈಯಲ್ಲಿ ಆಗುತ್ತಿರಲಿಲ್ಲ.

ಎರಡೂ ಹೋಳು ಸೇರಿಸಿ, ಪ್ಲಾಸ್ಟರಿನಲ್ಲಿ ಅದ್ದಿದ ನಾರಿನಿಂದ ಬಿಗಿದು ಕಟ್ಟಿ, ಕತ್ತಿನ ಬಾಯಿಯಿಂದ ಹಾಲಿನಂಥ ಪ್ಲಾಸ್ಟರ್ ಹುಯ್ದಳು. ಒಳಗೆಲ್ಲ ಹರಡುವಂತೆ ತಲೆಯನ್ನು ತೋಳಲ್ಲಿ ಹಿಡಿದು ಹೊರಳಿಸಿದಳು. ಕಡ್ಡಿ ಇನ್ನೊಂದು ಕಡೆ ಹಿಡಿದ. ಮೂರು ಸಲ ಹುಯ್ದರು, ಮೂರು ಸಲ ಹೊರಳಿಸಿದರು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅವಳು ಅಂಗೈ ಒತ್ತಿ ಆ ಬಿಸಿಯನ್ನು ನೋಡಿದಳು, ಜ್ವರ ನೋಡಿದಂತೆ. ಚಹಾ ಕುಡಿದು ಬಂದರು.

ಹಿಂದಿನಿಂದ ಒಡೆಯತೊಡಗಿದಳು. ಮೊಂಡ ಉಳಿ, ಮರದ ಕೊಡತಿ. ದಪ್ಪ ಬಿಳಿ ಹೋಯಿತು, ನೀಲಿ ಕಂಡಿತು, ಉಳಿಯನ್ನು ಓರೆ ಹಿಡಿದು ಮೆಲ್ಲಗೆ ತಟ್ಟಿದರೆ ಬೇಯಿಸಿದ ಮೊಟ್ಟೆಯ ಸಿಪ್ಪೆಯಂತೆ ಅಂಗೈಯಗಲ ನೀಲಿ ಒಮ್ಮೆಲೇ ಬಿಟ್ಟುಕೊಂಡು ಬಂತು. ಕೆಳಗೆ ಬಿಳಿ. ಸುಳಿ ಬಂತು, ಗಾಯದ ಗುಳಿ ಬಂತು, ಕತ್ತಿನ ಎರಡು ಮಡಿಕೆ ಬಂದವು. ಒಂದು ಗುಳ್ಳೆ ಇಲ್ಲ, ಒಂದು ಗೀರು ಇಲ್ಲ. ಅವಳ ಜೀವನದ ಅತಿ ಚೆಂದದ ಅಚ್ಚು.

"ಅಚ್ಚಮ್ಮ ಅಂದ್ರೆ ಸುಮ್ನೆನಾ," ಕಡ್ಡಿ ಅಂದ.

ತಲೆಯನ್ನು ತಿರುಗಿಸಿದಳು. ಹಣೆಯಿಂದ ಶುರು ಮಾಡಿದಳು. ಬಿಳಿ ಹೋಯಿತು. ನೀಲಿ ಕಂಡಿತು. ತಟ್ಟಿದಳು. ಬಿಡಲಿಲ್ಲ. ಉಳಿಯ ಕೋನ ಬದಲಿಸಿ ತಟ್ಟಿದಳು. ಕಡಲೆಯಷ್ಟು ನೀಲಿ ಸಿಡಿಯಿತು, ಅದರ ಬೆನ್ನಿಗೆ ಬಿಳಿ ಅಂಟಿತ್ತು. ಅವಳು ಆ ಚೂರನ್ನು ಅಂಗೈಯಲ್ಲಿಟ್ಟು ನೋಡಿದಳು. ಎರಡು ಬಣ್ಣದ ನಡುವೆ ಕೂದಲೆಳೆಯ ಸಂದೂ ಇರಲಿಲ್ಲ.

"ಏನಾಯ್ತು?"

ಅವಳು ಕೆನ್ನೆಯ ಕಡೆ ಹೋದಳು, ಅಲ್ಲೂ ಅದೇ. ಮೂಗಿನ ಕಡೆ ಹೋದಳು. ಮೂಗು ನೀಲಿಯ ಜೊತೆಗೇ ಮುರಿದು ಬಂತು. ನೀಲಿ ಎಲ್ಲಿ ಮುಗಿಯುತ್ತದೆ, ಬಿಳಿ ಎಲ್ಲಿ ಶುರುವಾಗುತ್ತದೆ ಎಂಬುದು ಮುರಿದಲ್ಲೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಗಡಿಯೇ ಅಪ್ಪನ ಮುಖ. ಕಣ್ಣಿಗೆ ಕಾಣುತ್ತಿತ್ತು, ಬಿಡಿಸಲು ಆಗುತ್ತಿರಲಿಲ್ಲ. ಉಳಿ ಬಿಟ್ಟು ಹಲ್ಲಿನ ವೈದ್ಯರು ಬಳಸುವಂಥ ಸಣ್ಣ ಕೊಕ್ಕೆ ಹಿಡಿದಳು. ಎರಡು ಗಂಟೆಯಲ್ಲಿ ಎಡ ಹುಬ್ಬಿನ ಮೇಲೆ ಒಂದು ಬೆರಳಗಲ ಕೆರೆದಳು. ಅದು ಹುಬ್ಬಾಗಿರಲಿಲ್ಲ. ಕೆರೆದ ಪ್ಲಾಸ್ಟರ್ ಆಗಿತ್ತು.

ಮೇಷ್ಟ್ರು ಬಂದದ್ದು ಆಗ. ಹಿಂದಲೆ ಬಾಗಿಲ ಕಡೆಗಿತ್ತು. ಅವರ ಮುಖ ಅರಳಿತು. "ಬಂತಲ್ಲ!" ಅನ್ನುತ್ತ ಹತ್ತಿರ ಬಂದರು, ಬಳಸಿಕೊಂಡು ಎದುರಿಗೆ ಹೋದರು. ನಿಂತರು.

"ಸೋಪು?"

"ಹಿಂದಲೆಗೆ ಹಾಕಿದ್ದೆ, ಸರ್."

ಅವರು ಸ್ಟೂಲು ಎಳೆದುಕೊಂಡು ಕೂತರು. ಬೈದಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಬಿದ್ದಿದ್ದ ನೀಲಿ ಚೂರುಗಳನ್ನು ಚಪ್ಪಲಿಯಿಂದ ಒಂದು ಕಡೆಗೆ ಸರಿಸಿ, "ನನಗೆ ಗೊತ್ತಿರೋ ಉಪಾಯ ಏನೂ ಇಲ್ಲಮ್ಮ," ಅಂದರು.

ಅವರು ಹೋದ ಮೇಲೆ ಅವಳು ಕಡ್ಡಿಯ ಕಡೆ ತಿರುಗಿದಳು.

"ನೀರು ಹಾಕು ಅಂತ ಯಾರೋ ಹೇಳಿದ್ರು ನಿಂಗೆ?"

"ಒಣಗುತ್ತೆ ಅಂತ..."

"ಒಣಗಿದ್ರೆ ಏನಾಗ್ತಿತ್ತು? ಒಣಗಿದ್ರೆ ನಂಗೆ ಗೊತ್ತಾಗ್ತಿತ್ತು! ಮಿಂಚ್ತಾ ಇರಲಿಲ್ಲ, ಮಂಕಾಗಿ ಕಾಣ್ತಿತ್ತು, ಸೋಪು ಬಿದ್ದಿಲ್ಲ ಅಂತ ಕುರುಡರಿಗೂ ಗೊತ್ತಾಗ್ತಿತ್ತು. ಒಂದು ಅಚ್ಚು ನೆಟ್ಟಗೆ ತೆಗೆಯೋಕೆ ಬರಲ್ಲ ನಿಂಗೆ, ನನ್ನ ಅಚ್ಚಿಗೆ ಕೈ ಹಾಕೋಕೆ ಬಂದ!"

"ನೀನು ಬೆರಳಾಡಿಸಿ ನೋಡಲಿಲ್ವಾ?" ಕಡ್ಡಿ ಕೇಳಿದ. ಅವನು ಅದನ್ನು ತಿರುಗಿಸಿ ಹೊಡೆಯಲು ಕೇಳಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ. ಅದಕ್ಕೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಹೋಗೋ ಇಲ್ಲಿಂದ."

ಅವನು ಹೋದ. ಮಾರನೇ ದಿನ ಅವನ ಸ್ಟ್ಯಾಂಡು ಸ್ಟುಡಿಯೋದ ಇನ್ನೊಂದು ಮೂಲೆಯಲ್ಲಿತ್ತು. ಅಪ್ಪನ ಮಣ್ಣಿನ ತಲೆ ಇದ್ದಾಗ ಅವನು ತೆಗೆದಿದ್ದ ನಾಲ್ಕು ಫೋಟೋಗಳನ್ನು ಒಂದು ಮಾತೂ ಬರೆಯದೆ ಅವಳ ಫೋನಿಗೆ ಕಳಿಸಿದ್ದ. ಒದ್ದೆ ಮಣ್ಣು, ಟ್ಯೂಬ್‌ಲೈಟು. ಫೋಟೋದಲ್ಲಿದ್ದದ್ದು ಯಾರೋ ಒಬ್ಬ ಬೂದು ಗಂಡಸು. ಹೋಲಿಕೆ ಇದ್ದದ್ದು ಸುತ್ತಿ ನೋಡಿದರೆ, ಬಲದಿಂದ ಎಡಕ್ಕೆ ನಡೆದು ಹೋದರೆ. ಫೋಟೋದೊಳಗೆ ನಡೆಯಲು ಆಗುವುದಿಲ್ಲ.

ಮಣ್ಣಿನ ತೊಟ್ಟಿಯ ಹತ್ತಿರ ಹೋದಳು, ಏನು ಹುಡುಕುತ್ತಿದ್ದೇನೆ ಎಂದು ತನಗೇ ಗೊತ್ತಿಲ್ಲದೆ. ಆ ಮಣ್ಣನ್ನು ಮೊದಲ ವರ್ಷದವರು ತುಳಿದು ಬಳಸಿಯಾಗಿತ್ತು. ಗೋಡೆಯ ಪಕ್ಕ ಅವರು ಮಾಡಿದ ಐದು ಪಾದಗಳು ಸಾಲಾಗಿ ಒಣಗುತ್ತಿದ್ದವು.

ಪರೀಕ್ಷೆಯ ಹಿಂದಿನ ಮೂರು ದಿನ ಅಪ್ಪನನ್ನು ಮತ್ತೆ ಕೂರಿಸಿದಳು. ಮನೆಗೆ ಕರೆತಂದಿದ್ದರು. ದಿಂಬು ಒರಗಿಸಿ ಕೂರಿಸಿದರೆ ಅಪ್ಪ ಕೂತ, ಹಿಂದೆಂದೂ ಇಲ್ಲದಷ್ಟು ಅಲ್ಲಾಡದೆ. ಮಾತಾಡಬೇಡ ಅಂತ ಹೇಳುವ ಅಗತ್ಯ ಬೀಳಲಿಲ್ಲ. ಎಡ ಅರ್ಧ ಇತ್ತು. ಬಲ ಅರ್ಧವನ್ನು ನೆನಪಿನಿಂದ ಮಾಡಲು ಹೋದಳು. ಮೂರು ಗೆರೆ ಹಾಕಿದಳು. ಅವು ಗೆರೆಗಳಾದವು, ಕೆನ್ನೆಯಾಗಲಿಲ್ಲ. ಮೂರನೇ ದಿನ ಸಂಜೆ ಹಿಂದೆ ಸರಿದು ನಿಂತು ನೋಡಿದಾಗ ಮೇಷ್ಟ್ರ ಪ್ರಶ್ನೆ ಅವಳ ಬಾಯಿಂದಲೇ ಬಂತು. "ಯಾರಿದು?"

"ಹಾಂ," ಅಂದ ಅಪ್ಪ.

ಸೋಮವಾರ ಅವಳು ಅರ್ಧ ಒಡೆದ ತಲೆಯನ್ನೇ ಇಟ್ಟಳು. ಪಕ್ಕದಲ್ಲಿ ಅಪ್ಪನ ಲೈಸೆನ್ಸಿನ ಫೋಟೋ. ಪರೀಕ್ಷಕಿ ವಯಸ್ಸಾದವರು, ಒಳ್ಳೆಯವರು. ಹಿಂದಲೆಯನ್ನು ಬಹಳ ಹೊತ್ತು ನೋಡಿ "ಎಷ್ಟು ಚೆಂದ," ಅಂದರು. ಮುಂದೆ ಬಂದು ಫೋಟೋ ನೋಡಿದರು, ನೀಲಿ ಬಿಳಿ ಮುದ್ದೆಯನ್ನು ನೋಡಿದರು. ಮೇಷ್ಟ್ರು ಅವರ ಕಿವಿಯಲ್ಲಿ ಏನೋ ಹೇಳಿದರು. "ಅಯ್ಯೋ, ಪಾಪ," ಅಂದು, ಬರೆಯಬೇಕಾದದ್ದನ್ನು ಬರೆದು, ಆಚೆ ಮೂಲೆಯ ಸ್ಟ್ಯಾಂಡಿಗೆ ಹೋದರು. ಅಲ್ಲಿ ಕಡ್ಡಿಯ ಅಜ್ಜಿ, ಮೂಗು ಸಮೇತ ಹೊರಬಂದ ತನ್ನ ಪ್ಲಾಸ್ಟರಿನ ತಲೆಯ ಪಕ್ಕ ನಾಚಿಕೊಂಡು ನಿಂತಿದ್ದಳು. ಅಚ್ಚು ಯಾರು ತೆಗೆದುಕೊಟ್ಟರೋ ಅವಳು ಕೇಳಲಿಲ್ಲ.

ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದಳು. ಬಿಸಾಕಬೇಕೆಂದು ದಾರಿಯಲ್ಲಿ ಎರಡು ಕಡೆ ನಿಂತಿದ್ದಳು. ಅಮ್ಮ ತಗೊಂಡು ಬಾ ಅಂದಿದ್ದಳಲ್ಲ.

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಗೋಣಿ ಬಿಚ್ಚಿದಾಗ ಹಿಂದಲೆ ಕಂಡಿತು. ಅಮ್ಮನ ಬಾಯಿ ತೆರೆದುಕೊಂಡಿತು. ಬೆರಳು ತಾನಾಗಿ ಗಾಯದ ಗುಳಿಗೆ ಹೋಯಿತು. "ಅಯ್ಯೋ, ಅವರೇ ಕಣೇ," ಅಂದಳು. "ರೀ, ನೋಡ್ರೀ, ನೀವೇ!" ಅಪ್ಪ ದಿಂಬಿನಿಂದ ಕತ್ತು ಎತ್ತಿ ನೋಡಿದ. ಮನುಷ್ಯ ತನ್ನ ಹಿಂದಲೆಯನ್ನು ತಾನು ನೋಡಿರುವುದಿಲ್ಲ. ಅವನ ಕಣ್ಣಲ್ಲಿ ಯಾವ ಗುರುತೂ ಮೂಡಲಿಲ್ಲ.

"ತಿರುಗಿಸಬೇಡಮ್ಮ," ಅವಳು ಅಂದಳು.

ಅಷ್ಟರಲ್ಲಿ ಅಮ್ಮ ತಿರುಗಿಸಿದ್ದಳು.

ಅಮ್ಮ ಅದನ್ನು ಮತ್ತೆ ಗೋಡೆಯ ಕಡೆ ಮುಖ ಮಾಡಿ ಇಟ್ಟು, ಅಡುಗೆಮನೆಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಅಪ್ಪ ಎಡಗೈಯಿಂದ ತಲೆಯ ಕಡೆ ತೋರಿಸಿ, "ಹಾಂ?" ಅಂದ.

"ಅದು ಡ್ರೈವರ್, ಅಪ್ಪ," ಅಂದಳು ಅವಳು. "ಮಾತಾಡಬೇಡ."

ಕಪಾಟಿನ ಮೇಲೆ ಅದು ಈಗಲೂ ಗೋಡೆಗೆ ಮುಖ ಮಾಡಿ ಇದೆ. ಹಿಂದಲೆ ಉಳಿಯಿತು, ಅದು ಮೊದಲೂ ಅವಳ ಹತ್ತಿರ ಇತ್ತು. ಹೋದದ್ದು ಇಷ್ಟು: ಹತ್ತೊಂಬತ್ತು ಮಂಗಳವಾರ, ಓದಿನ ಒಂದು ವರ್ಷ, ಒಬ್ಬ ಗೆಳೆಯ, ಎರಡು ಕಣ್ಣು, ಎರಡು ಕಿವಿ, ಒಂದು ಮೂಗು, ಒಂದು ಬಾಯಿ, ಬಲಗೆನ್ನೆಯ ಮೂರು ಗೆರೆ.